ಜೇಬು ಮುಟ್ಟಿಕೊಳ್ಳದವನು

ನಾಚಿಕೆಗೇಡು ಅಂದರೆ ಇದೇ ನೋಡಿ. ಇಪ್ಪತ್ತು ವರ್ಷ ಬಸ್ಸುಗಳಲ್ಲಿ ಜೇಬು ಕತ್ತರಿಸಿದವನು ನಾನು. ಬಿಟ್ಟು ಮೂರು ವರ್ಷವಾಗಿತ್ತು. ಬೀಗ ರಿಪೇರಿ ಮಾಡಿಕೊಂಡು ಮರ್ಯಾದೆಯಿಂದಿದ್ದೆ. ಆದರೂ ಹೆಂಡತಿ ತನ್ನ ಚಿನ್ನದ ಸರವನ್ನು ಒಂದು ವಾರ ಹಿಟ್ಟಿನ ಡಬ್ಬಿಯಲ್ಲಿ, ಇನ್ನೊಂದು ವಾರ ಹಳೇ ದಿಂಬಿನೊಳಗೆ ಬಚ್ಚಿಡುತ್ತಿದ್ದಳು. ನನಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ಗೊತ್ತಿದ್ದೂ ಮುಟ್ಟದೆ ಇದ್ದೇನಲ್ಲ ಎಂದು ನನಗೆ ಒಳಗೊಳಗೇ ಜಂಭ.

ಆ ದಿನ ಬೆಳಿಗ್ಗೆ ಅವಳೇ ಸರವನ್ನು ತಂದು ನನ್ನ ಕೈಗಿಟ್ಟಳು. "ಕೊಂಡಿ ಸಡಿಲ ಆಗಿದೆ ರೀ. ಅಕ್ಕಸಾಲಿಗರ ಹತ್ರ ಸರಿ ಮಾಡಿಸ್ಕೊಂಡು ಬನ್ನಿ." ಅಷ್ಟೇ. ಸರವನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡೆ. ಮದುವೆಯಾದ ಮೇಲೆ ಅವಳು ನನ್ನನ್ನು ನಂಬಿದ್ದು ಅದೇ ಮೊದಲು.

ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನನ್ನ ಹಿಂದೆ ನಿಂತಿದ್ದ ಕನ್ನಡಕದವನು ಇದ್ದಕ್ಕಿದ್ದಂತೆ, "ಅಯ್ಯಯ್ಯೋ, ನನ್ನ ಪರ್ಸ್ ಹೋಯ್ತು! ಪಿಕ್‌ಪಾಕೆಟ್‌ನವನು ಇದಾನೆ, ಹುಷಾರು!" ಎಂದು ಬೊಬ್ಬೆ ಹೊಡೆದ. ತಕ್ಷಣ ಎಲ್ಲರೂ ತಮ್ಮ ತಮ್ಮ ದುಡ್ಡು, ಒಡವೆ ಇದ್ದ ಕಡೆ ಮುಟ್ಟಿ ನೋಡಿಕೊಂಡರು.

ಇದು ನಮ್ಮವರ ಹಳೇ ವರಸೆ. ಕೂಗಿದವನೇ ಕಳ್ಳ. ಯಾರ ಕೈ ಎಲ್ಲಿಗೆ ಹೋಯಿತೆಂದು ಗುರುತಿಟ್ಟುಕೊಂಡರೆ ಸಾಕು, ಮಾಲು ಹುಡುಕುವ ಕೆಲಸವೇ ಇಲ್ಲ. 'ಮಗನೇ, ಯಾರ ಮುಂದೆ ನಿನ್ನಾಟ' ಎಂದು ಮನಸ್ಸಿನಲ್ಲೇ ನಕ್ಕು, ಸರವಿದ್ದ ಜೇಬಿನ ಕಡೆ ನಾನು ಬೆರಳೂ ಒಯ್ಯಲಿಲ್ಲ. ಆದರೆ ಹಾಳು ಕಣ್ಣು ಸುಮ್ಮನಿರಬೇಕಲ್ಲ! ಎಲ್ಲರ ಕೈಗಳನ್ನೂ ನೋಡಿತು. ಮುಂದೆ ನಿಂತಿದ್ದ ಅಜ್ಜಿ ಚೀಲದ ಒಳಜೇಬನ್ನು ಒತ್ತಿ ನೋಡಿ, ಸದ್ಯ ಎಂದು ಉಸಿರುಬಿಟ್ಟು, ಕೈ ತೆಗೆದಳು.

ಬೇಡವೋ ಬೇಡ ಎಂದುಕೊಂಡೆ. ಎರಡು ಸ್ಟಾಪು ತಡೆದುಕೊಂಡೆ. ಮೂರನೆಯದು ಬರುವಷ್ಟರಲ್ಲಿ ನನ್ನ ಬೆರಳುಗಳು ಚೀಲದೊಳಗಿದ್ದವು. ಥೂ ನನ್ನ ಜನ್ಮಕ್ಕೆ.

ಆಗಲೇ ಕಿವಿಯ ಹತ್ತಿರ ಕನ್ನಡಕದವನ ಪಿಸುಮಾತು: "ಅಣ್ಣಾ, ಎಲ್ರೂ ಮುಟ್ಟಿ ನೋಡ್ಕೊಂಡ್ರು, ನೀವೊಬ್ರೇ ಇಲ್ಲ. ನಮ್ಮವರೇ ಅಂತ ಗೊತ್ತಾಯ್ತು. ನಿಮ್ಮ ಕೈ ಚೀಲದೊಳಗೆ ಹೋಗ್ಲಿ ಅಂತ ಕಾದಿದ್ದೆ. ನಿಮ್ಮ ಮೂರೂ ಜೇಬು ನಿಧಾನವಾಗೇ ನೋಡ್ದೆ. ಈಗ ಕೂಗಿ ನೋಡೋಣ."

ಇಳಿದು ಜನರಲ್ಲಿ ಸೇರಿಹೋದ. ನನ್ನ ಜೇಬು ಖಾಲಿ. ಕೂಗಲು ಬಾಯಿ ತೆರೆದೆ. ಕೈ ಇನ್ನೂ ಅಜ್ಜಿಯ ಚೀಲದಲ್ಲೇ ಇತ್ತು. ಮೆಲ್ಲಗೆ ಹೊರಗೆಳೆದುಕೊಂಡೆ. ಅಜ್ಜಿ ತಿರುಗಿ, "ಯಾಕಪ್ಪಾ ಹೀಗೆ ಬೆವರ್ತಿದೀಯ? ಅಲ್ಲಿ ಸೀಟು ಖಾಲಿ ಆಯ್ತು, ಕೂತ್ಕೋ ಹೋಗು" ಎಂದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮನೆಗೆ ಬಂದು, ಬಸ್ಸಿನಲ್ಲಿ ಯಾರೋ ಸರ ಹೊಡೆದುಬಿಟ್ಟರು ಎಂದೆ. ಅಲ್ಲೇ ಕೂತಿದ್ದ ಹೆಂಡತಿಯ ಅಣ್ಣ, "ಹೊಡೆದ್ರಂತೆ! ಇವನೇ ಮಾರಿರ್ತಾನೆ ಬಿಡೇ" ಎಂದ.

"ಸಾಕು ಬಾಯಿ ಮುಚ್ಚಣ್ಣ," ಎಂದು ಹೆಂಡತಿ ಹರಿಹಾಯ್ದಳು. "ನನ್ನ ಗಂಡ ಈಗ ಹಾಗಲ್ಲ. ಸರ ಹೋದ್ರೆ ಹೋಗ್ಲಿ."

ಅಣ್ಣನನ್ನು ಸಾಗಹಾಕಿ ಬಂದು ನನಗೆ ನೀರು ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನನ್ನು ಸಮಾಧಾನ ಮಾಡಲೆಂದು ನಗುತ್ತಾ, "ಅಲ್ಲ ರೀ, ನಿಮ್ಮ ಜೇಬಿಗೇ ಕೈ ಹಾಕೋನು ಹುಟ್ಟಿದಾನಾ? ಆಗ ನಿಮ್ಮ ಕೈ ಎಲ್ಲಿತ್ತು?" ಎಂದಳು.

ತಲೆ ಎತ್ತಲಾಗಲಿಲ್ಲ. "ಒಬ್ಬ ಅಜ್ಜಿಯ ಚೀಲದಲ್ಲಿ" ಎಂದೆ.

ಸರ ಹೋದದ್ದಕ್ಕೆ ಅಳದವಳು ಆಗ ಅತ್ತಳು.