ಹಲ್ಲಿಗೇನು ಪಗಾರ

“ನಿನ್ನ ಹಲ್ಲಿಗೆ ಬ್ಯಾರೆ ಪಗಾರ ಕೊಡ್ಲೇನಬೇ ಅಯ್ಯಮ್ಮ? ನಾಳಿ ಉಗುರಿಗೊಂದು ಕೇಳ್ತಿ, ನಾಡದ ಕೂದಲಿಗೊಂದು ಕೇಳ್ತಿ!”

ಸಾವ್ಕಾರ ಹೀಗೆ ಅಂದಾಗ ನನ್ನ ದವಡೆಯಲ್ಲಿ ಭತ್ತದ ಕಾಳು ಇನ್ನೂ ಇತ್ತು. ಚೀಲ ಹೊರುತ್ತಿದ್ದ ಹಮಾಲರು ನಕ್ಕರು. ನನ್ನ ಮೈದುನ ಯಮನೂರಪ್ಪನೂ ನಕ್ಕ. ನಾನು ಕಾಳು ಉಗುಳಿ, “ಹಸಿ ಅದರಿ. ಇನ್ನೊಂದು ತಾಸು ಬೇಕು” ಎಂದೆ. ಬೈದ ಬಾಯಿಂದಲೇ ಸಾವ್ಕಾರ ಇನ್ನೊಂದು ತಾಸು ಒಣಗಿಸಲು ಹೇಳಿದ.

ಸಿರವಾರದಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಈ ಅಕ್ಕಿ ಮಿಲ್ಲು. ಇದಕ್ಕೆ ತಗಡು ಹಾಕುವ ಮೊದಲೇ ನಾನು ಬಂದವಳು. ಈಗಿನ ಸಾವ್ಕಾರ ಆಗ ಚಡ್ಡಿ ಇಲ್ಲದೆ ಓಡಾಡುತ್ತಾ, ಒಣಗಲು ಹಾಕಿದ ಭತ್ತದ ಮೇಲೆ ಉಚ್ಚೆ ಹೊಯ್ಯುತ್ತಿದ್ದ. ಅದನ್ನು ಬಳಿದು ಚೆಲ್ಲಿದವಳೂ ನಾನೇ.

ಬೆಂದ ಭತ್ತವನ್ನು ಸಿಮೆಂಟಿನ ಕಣದ ಮೇಲೆ ಹರವುತ್ತಾರೆ. ನಾವು ಹನ್ನೊಂದು ಹೆಂಗಸರು ಬರಿಗಾಲಲ್ಲಿ ಅದರೊಳಗೆ ನಡೆದು ತಿರುವುತ್ತೇವೆ. ಬೇಸಿಗೆಯಲ್ಲಿ ಅಂಗಾಲಿನ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳುತ್ತದೆ. ಒಣಗಿದ್ದು ಸಾಕೋ ಇಲ್ಲವೋ ಎಂಬುದನ್ನು ಹಲ್ಲು ಹೇಳಬೇಕು. ಕಚ್ಚಿದಾಗ ಕಾಳು ಚಪ್ಪಟೆಯಾದರೆ ಹಸಿ. ಪುಡಿಯಾದರೆ ಅತಿ ಒಣಗಿದೆ, ಗಿರಣಿಗೆ ಹಾಕಿದರೆ ಬರೀ ನುಚ್ಚು. ಕಟಕ್ ಎಂದು ಎರಡೇ ಹೋಳಾಗಬೇಕು. ನನಗೆ ಕಚ್ಚಲು ಉಳಿದದ್ದು ಬಲ ದವಡೆಯಲ್ಲಿ ಮೇಲೊಂದು, ಕೆಳಗೊಂದು.

ಹೋದ ವರ್ಷ ತೇವ ನೋಡುವ ಮಷಿನ್ ಬಂತು. ಅದರ ಹಿಂದೆಯೇ ಸಾವ್ಕಾರನ ಹೆಂಡತಿಯ ತಮ್ಮ ತಿರುಪತಿಯೂ ಬಂದ, ಅದನ್ನು ನಡೆಸಲು. ಬಿಸಿ ಭತ್ತ ಹಾಕಿದರೆ ಅದಕ್ಕೆ ಮತಿಯೇ ಇಲ್ಲ. ಒಮ್ಮೆ ಹನ್ನೊಂದು ಅನ್ನುತ್ತದೆ, ಒಮ್ಮೆ ಇಪ್ಪತ್ತು. ಎಲ್ಲರ ಎದುರು ನನ್ನನ್ನು “ಲೇ ಮುದುಕಿ” ಅನ್ನುವ ತಿರುಪತಿ, ಚೀಲಗಳ ಮರೆಗೆ ಬಂದು ಅಂಗೈ ಚಾಚುತ್ತಿದ್ದ. “ಯವ್ವಾ, ಒಂದೀಟು ಕಡದು ಹೇಳಬೇ.” ನಾನು ಹೇಳಿದ್ದನ್ನು ತನ್ನ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ.

ಸರ್ಕಾರ ಕನಿಷ್ಠ ಕೂಲಿ ಹೆಚ್ಚಿಸಿತು. ಗೋಡೆಗೆ ಹೊಸ ಪಟ್ಟಿ ಬಂತು. ದೇವದುರ್ಗದ ಕಡೆಯಿಂದ ಟಂಟಂ ಆಟೋದಲ್ಲಿ ಬರುವ ಸೌಭಾಗ್ಯ ನಮ್ಮಲ್ಲಿ ಚಿಕ್ಕವಳು, ಓದು ಬಲ್ಲವಳು. ಬೆರಳಿಟ್ಟು ಓದಿದಳು. ತಿರುಪತಿ ಕುಶಲ ಕೆಲಸಗಾರ. ಹಮಾಲರು ಅರೆಕುಶಲರು. ಹೆಂಗಸರು ಹನ್ನೊಂದು ಮಂದಿ, ಕಸ ಗುಡಿಸುವವರು. ಎಲ್ಲರಿಗಿಂತ ಕೆಳಗೆ.

“ಕಸ ಹೊಡಿಯಾಕಿ ಅಂತ ಬರದಾರಬೇ ಆಯಿ ನಿನ್ನ.”

“ಪಟ್ಟಿ ನೋಡಾಕ ಸಾಹೇಬ ಬರ್ತಾನಂತಲ್ಲ. ಅವನ್ನ ಕೇಳ್ತೀನಿ ತಡಿ” ಎಂದೆ. ತಿರುಪತಿಯ ಸಾಲಿನಲ್ಲಿ ನನ್ನ ಹೆಸರು ಬರೆಸಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಾನು ಹತ್ತಿದರೆ ನಾಳೆ ಸೌಭಾಗ್ಯಳೂ ಹತ್ತುತ್ತಾಳೆ.

ಕಾರ್ಮಿಕ ಇಲಾಖೆಯ ಸಾಹೇಬ ರಾಯಚೂರಿನಿಂದ ಬಂದ. ಎಳನೀರು ಕುಡಿದ. ನಾನು ಸೆರಗು ಹೊದ್ದು ಎದುರು ನಿಂತೆ.

“ನಿನಗೇನ್ ಕಸುಬು ಗೊತ್ತದಬೇ?”

“ನೆಲ್ಲು ಕಡದು ಹೇಳ್ತೀನ್ರಿ, ಒಣಗ್ಯಾದೋ ಇಲ್ಲೋ.”

“ನಮ್ಮ ಮನಿ ನಾಯಿನೂ ಕಡೀತದ.”

ಸಾವ್ಕಾರ ಹೊಟ್ಟೆ ಹಿಡಿದು ನಕ್ಕ. “ತಡೀರಿ ಸಾಹೇಬ್ರ, ಆಟ ತೋರಸ್ತೀನಿ. ಕುಂದರಬೇ ಕೆಳಗ.”

ಆರಿದ ಭತ್ತದ ಐದು ಹಿಡಿ ತರಿಸಿದರು. ಪಕ್ಕದಲ್ಲಿ ಮಷಿನ್ ಇಟ್ಟರು. ಸಂತೆಯಲ್ಲಿ ಕುರಿಯ ಹಲ್ಲು ನೋಡುವವನಂತೆ ಸಾವ್ಕಾರ ನನ್ನ ಗದ್ದ ಹಿಡಿದು, ತಾನೇ ಕಾಳು ಹಾಕಿದ. ಹಸಿ ಎಂದೆ. ಮಷಿನ್ ಹೌದೆಂದಿತು. ಎರಡನೆಯದು ಸರಿಯಾಯಿತು, ಮೂರನೆಯದೂ ಸರಿ. ಸಾಹೇಬನ ನಗು ನಿಂತಿತು. ತಿರುಪತಿ ನೆಲ ನೋಡುತ್ತಿದ್ದ.

ಸಾವ್ಕಾರ ಒಮ್ಮೆ ಬಗ್ಗಿ ಎದ್ದ. ನಾಲ್ಕನೆಯ ಸಲ ಬಾಯಿಗೆ ಬಿದ್ದದ್ದು ಕಾಳಲ್ಲ, ಕಲ್ಲು. ಕಟಕ್ ಎಂದಿತು. ಕೆಳಗಿನ ಹಲ್ಲು ಎರಡು ಹೋಳಾಯಿತು.

“ಹಲ್ಲೂ ಹೋತಲ್ಲಬೇ! ಇನ್ನ ಯಾತರ ಕಸುಬು ನಿಂದು?”

ಈ ಸಲ ಯಮನೂರಪ್ಪ ನಗಲಿಲ್ಲ. ಚೀಲ ಹೊತ್ತು ಆ ಕಡೆ ಹೋದ. ಸಾಹೇಬ ಕಣ್ಣೀರು ಬರುವಷ್ಟು ನಕ್ಕು, ಒರೆಸಿಕೊಂಡು, ಪಟ್ಟಿಗೆ ಸಹಿ ಹಾಕಿದ. “ಹಗರ ಕೆಲಸ ಬಿಡು. ಕಾಳುಕಡಿ ಹಸನ ಮಾಡೋದು ಹೆಣ್ಮಕ್ಕಳು ಮನ್ಯಾಗೂ ಮಾಡ್ತಾರ.”

“ರಕ್ತ ಒರಸಬೇ, ನೆಲ್ಲಿಗೆ ಹತ್ತೀತು” ಎಂದ ಸಾವ್ಕಾರ. ಒರೆಸಿದೆ. ಹಲ್ಲಿನ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ದೇವದುರ್ಗದ ದಿಕ್ಕಿಗೆ ಮೋಡ ಎದ್ದಿತು. ಕಣದ ತುಂಬ ಬೆಂದ ಭತ್ತ. ಗೇಟಿನಲ್ಲಿ ಅಕ್ಕಿಗಾಗಿ ಕಾದ ಲಾರಿ. ಭತ್ತ ಗಿರಣಿಗೆ ಹಾಕಬೇಕೋ, ಇನ್ನೂ ತಿರುವಬೇಕೋ? ಮಷಿನ್ ಹನ್ನೊಂದು ಅಂದಿತು, ಇಪ್ಪತ್ತು ಅಂದಿತು, ಹದಿನಾಲ್ಕು ಅಂದಿತು.

ತಿರುಪತಿ ಮರೆಯನ್ನೂ ಮರೆತು ಎಲ್ಲರ ಎದುರೇ ಓಡಿ ಬಂದ. “ಯವ್ವಾ...”

ನಾನು ಬಾಯಿ ತೆರೆದು ತೋರಿಸಿದೆ.

ಅವನು ಸೌಭಾಗ್ಯಳ ಮುಂದೆ ಕೈ ಚಾಚಿದ. ಕಾಳು ಕಚ್ಚಿ ಹೇಳುವುದನ್ನು ಎರಡು ವರ್ಷದಿಂದ ಆಕೆಗೆ ನಾನೇ ಕಲಿಸುತ್ತಿದ್ದೆ. ಆಕೆ ಕಾಳು ತೆಗೆದುಕೊಂಡಳು, ಕಚ್ಚಿದಳು, ನನ್ನ ಕಡೆ ನೋಡಿದಳು, ಉಗುಳಿದಳು.

“ನನಗೇನ್ ತಿಳೀತದ್ರಿ? ಕಸ ಹೊಡಿಯಾಕಿ ನಾನು.”

ಕಸಬರಿಗೆ ಎತ್ತಿಕೊಂಡಳು. ನಾನೂ ಎತ್ತಿಕೊಂಡೆ. ಹನ್ನೊಂದು ಕಸಬರಿಗೆಗಳು ಕಣದ ಅಂಚಿಗೆ ಸರಸರ ಎಂದವು. ಒಬ್ಬಳೂ ಭತ್ತದೊಳಗೆ ಕಾಲಿಡಲಿಲ್ಲ.

ಸಾವ್ಕಾರ ಒಳಗಿನಿಂದ ಓಡಿ ಬಂದ. “ಏನ್ ಮಾಡಾಕತ್ತೀರಿ ರಂಡೇರಾ? ಮ್ಯಾಲೆ ಮೋಡ ಕಾಣಂಗಿಲ್ಲೇನು? ಒಣಗ್ಯಾದೋ ಇಲ್ಲೋ ಹೇಳ್ರಿ!”

“ಕಸ ಹೊಡಿಯಾಕತ್ತೀವ್ರಿ” ಎಂದೆ. “ಪಟ್ಟಿ ಒಳಗ ಹಂಗಽ ಅದ.”

“ನಾಳಿಂದ ಗೇಟಿನೊಳಗ ಕಾಲಿಟ್ರ ಕಾಲು ಮುರೀತೀನಿ ಒಬ್ಬೊಬ್ಬರವು!”

ಕಸಬರಿಗೆ ನಿಲ್ಲಲಿಲ್ಲ. ಸಾವ್ಕಾರ ಬಗ್ಗಿ, ತಾನೇ ಒಂದು ಹಿಡಿ ಭತ್ತ ಎತ್ತಿಕೊಂಡ. ಅವನ ಬಾಯಲ್ಲಿ ಮೂವತ್ತೆರಡೂ ಹಲ್ಲು ಇದ್ದವು. ಒಂದು ಕಾಳು ಕಚ್ಚಿದ. ಇನ್ನೊಂದು ಕಚ್ಚಿದ. ನಮ್ಮ ಮುಖ ನೋಡಿದ. ಮತ್ತೊಂದು ಕಚ್ಚಿದ.

ಮೊದಲ ಹನಿ ಸಿಮೆಂಟಿನ ಮೇಲೆ ಬಿತ್ತು. ನಾನು ಅದನ್ನೂ ಗುಡಿಸಿದೆ.