ಅಪ್ಪ ತೋರಿಸಿದ ಹಕ್ಕಿ

ನಲವತ್ತು ವರ್ಷದಿಂದ ಕನ್ನಡಕ ಮಾರುತ್ತಿದ್ದೇನೆ. ಯಾರಾದರೂ ಅಂಗಡಿಗೆ ಬಂದು ಪಿಸುಗುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಒಬ್ಬ ಹೆಂಗಸು ಹಾಗೇ ಪಿಸುಗುಟ್ಟುತ್ತಾ ಬಂದರು. ಜೊತೆಗೆ ಅಣ್ಣನ ಮಗಳು, ಎಂಟು ವರ್ಷದವಳು. ಮುಖಕ್ಕಿಂತ ದೊಡ್ಡ ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡಿದ್ದಳು.

"ನಮ್ಮಣ್ಣಂದು. ಅವನು ಹೋಗಿ ಮೂರು ತಿಂಗಳಾಯ್ತು. ಇವಳು ಅದನ್ನ ಮೂಗಿಂದ ಇಳಿಸ್ತಿಲ್ಲ. ಬೈದಿದ್ದಾಯ್ತು, ಮುದ್ದು ಮಾಡಿದ್ದಾಯ್ತು. ಕಣ್ಣು ಹಾಳಾಗುತ್ತಲ್ವಾ! ಅದೇ ಫ್ರೇಮಿಗೆ ಸಾದಾ ಗಾಜು ಹಾಕ್ಬಿಡಿ. ಅವಳಿಗೆ ಗೊತ್ತಾಗೋದು ಬೇಡ."

"ಮಗು ಕಣ್ಣಿಗೆ ಮಣ್ಣೆರಚೋಕೆ ಬೇರೆ ಅಂಗಡಿ ನೋಡ್ಕೊಳ್ಳಿ!"

ಆಕೆಯ ಕಣ್ಣು ತುಂಬಿತು. ಅಯ್ಯೋ ಪಾಪ ಅನ್ನಿಸಿತು. ಅಣ್ಣನನ್ನು ಕಳೆದುಕೊಂಡವರು ಅವರೂ ತಾನೇ. ಶಾಸ್ತ್ರಕ್ಕೆಂದು ಮಗುವನ್ನು ಪರೀಕ್ಷೆಯ ಕುರ್ಚಿ ಹತ್ತಿಸಿದೆ.

ಕನ್ನಡಕ ತೆಗೆಯಲು ಅವಳು ಸುತರಾಂ ಒಪ್ಪಲಿಲ್ಲ. "ನಿನ್ನ ಕೈಯಲ್ಲೇ ಹಿಡ್ಕೊ," ಎಂದ ಮೇಲೆ ತೆಗೆದಳು. ಬರಿಗಣ್ಣಿಗೆ ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಕಾಣಲಿಲ್ಲ. ಒಂದೊಂದೇ ಗಾಜು ಬದಲಿಸುತ್ತಾ ಹೋದೆ. ಕೊನೆಯ ಸಾಲನ್ನು ಗಡಗಡನೆ ಓದಿದಾಗ, ಅವಳಪ್ಪನ ಕನ್ನಡಕವನ್ನು ಯಂತ್ರಕ್ಕಿಟ್ಟು ನೋಡಿದೆ. ಎರಡೂ ಕಣ್ಣಿಗೆ ಅವಳದೇ ನಂಬರು. ಮತ್ತೊಮ್ಮೆ ನೋಡಿದೆ. ಇಷ್ಟು ವರ್ಷದಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಇವಳಿಗೆ ಬೇಕಾದದ್ದು ಇದೇ ಗಾಜು ಎಂದು ಆಕೆಗೆ ಹೇಳಿದೆ.

"ಮುಂಚೆನೇ ಯಾಕೆ ಹೇಳ್ಲಿಲ್ಲ ಪುಟ್ಟಿ?" ಅತ್ತೆ ಕೇಳಿದರು.

"ಅಪ್ಪ ದಿನಾ ಮಹಡಿಯಿಂದ ಹಕ್ಕಿ ತೋರಿಸ್ತಿದ್ರು. ಕಾಣಲ್ಲ ಅಂದ್ರೆ ಅವರಿಗೆ ಬೇಜಾರಾಗುತ್ತೆ ಅಂತ ಹೂಂ ಅಂತಿದ್ದೆ. ಸುಳ್ಳು. ಅವರು ಹೋದ್ಮೇಲೆ ಇದನ್ನ ಹಾಕ್ಕೊಂಡೆ. ಮರದಲ್ಲಿ ಎಲೆ ಎಲ್ಲಾ ಬೇರೆಬೇರೆ ಇದೆ ಅತ್ತೆ! ಅಪ್ಪ ತೋರಿಸಿದ್ದನ್ನೆಲ್ಲ ಈಗ ನೋಡ್ತಿದೀನಿ. ಇನ್ನೂ ಮುಗಿದಿಲ್ಲ."

ಅತ್ತೆ ಅವಳನ್ನು ಬಾಚಿ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತರು. ನಾನು ಮೇಜು ಒರೆಸಿದೆ.

ಅಪ್ಪನ ಆ ಗಾಜುಗಳನ್ನೇ ಅಂಚು ಸವೆಸಿ ಮಕ್ಕಳ ಫ್ರೇಮಿಗೆ ಕೂರಿಸಿದೆ. ಹೊಸ ಗಾಜಾಗಿದ್ದರೆ ಅರ್ಧ ಗಂಟೆಯ ಕೆಲಸ. ಇದಕ್ಕೆ ಮಧ್ಯಾಹ್ನವಿಡೀ ಹಿಡಿಯಿತು. ಒಡೆದರೆ ಇನ್ನೊಂದು ಎಲ್ಲಿಂದ ತರಲಿ? ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ಹಾಕಿಕೊಂಡವಳೇ ಬಾಗಿಲಿಗೆ ಓಡಿದಳು. "ತಾತಾ, ಅಲ್ಲಿ! ನೀರಿನ ಟ್ಯಾಂಕ್ ಮೇಲೆ ಹದ್ದು! ಕಾಣ್ತಾ?"

ನನ್ನದು ಮುದಿಗಣ್ಣು, ಏನೂ ಕಾಣಲಿಲ್ಲ. ಹೂಂ ಅನ್ನಲು ಬಾಯಿ ತೆರೆದವನು ತಡೆದುಕೊಂಡೆ.

"ಇಲ್ಲ ಕಣಮ್ಮ. ಕಾಣ್ತಿಲ್ಲ."

ಅವಳು ನನ್ನತ್ತ ತಿರುಗಿದಳು.

"ನಂಗೇನೂ ಬೇಜಾರಾಗ್ಲಿಲ್ಲ," ಎಂದಳು, ತನಗೇ ಆಶ್ಚರ್ಯವಾದವಳಂತೆ. ಆಮೇಲೆ ನನ್ನ ಕೈ ಹಿಡಿದಳು. "ಬನ್ನಿ ತಾತಾ, ಹತ್ತಿರ ಹೋಗಿ ನೋಡೋಣ."