ಯಾನ್ ವೈದ್ಯರ ಕೆಮ್ಮು

“ಮಾಹ್ವಾಂಗ್ ಇನ್ನೊಂದು ಚಿಟಿಕೆ ಹಾಕು,” ಎಂದರು ಯಾನ್ ವೈದ್ಯರು, ಗೋಡೆಗೊರಗಿ ಕೂತಲ್ಲಿಂದಲೇ. ಅಷ್ಟು ಹೇಳುವುದರಲ್ಲಿ ಎರಡು ಸಲ ಉಸಿರು ಕಟ್ಟಿತು.

ಒಲೆಯ ಮುಂದೆ ಕೂತಿದ್ದ ಶಿಷ್ಯೆ ಸೂಚಿನ್ ಏಳಲಿಲ್ಲ. ಮಣ್ಣಿನ ಗಡಿಗೆಯಲ್ಲಿ ಜ್ಯೇಷ್ಠಮಧು, ಜರ್ದಾಳು ಬೀಜ, ಕಟ್ಟಿದ ಉಸಿರು ಬಿಡಿಸುವ ಮಾಹ್ವಾಂಗ್ ಕಡ್ಡಿ ಎಲ್ಲ ಕುದಿದು, ಅಂಗಡಿಯ ಹಿಂದಿನ ಕೋಣೆಯ ತುಂಬ ಕಹಿ ಹಬೆ. ಆ ಚಳಿಗಾಲ ನದಿದಂಡೆಯ ಊರಿಗೆ ಊರೇ ಜ್ವರದಲ್ಲಿ ಮಲಗಿತ್ತು. ಇಲ್ಲಿನ ಕಷಾಯ ಕುಡಿದು ಕೆಮ್ಮು ಸಡಿಲವಾಯಿತೆಂದು ಹೇಳಿಹೋದವರು ಬಹಳ ಮಂದಿ. ಕೊನೆಗೆ ವೈದ್ಯರಿಗೂ ಜ್ವರ ಬಂತು. ತಮ್ಮ ಮದ್ದು ತಾವೇ ಹೇಳಿಕೊಂಡರು. ಜ್ವರ ಇಳಿಯಿತು. ಉಸಿರು ಮಾತ್ರ ದಿನದಿನಕ್ಕೆ ಗಿಡ್ಡವಾಗುತ್ತ ಬಂತು.

“ಕೇಳಿಸ್ಲಿಲ್ವೇನೆ?”

“ಕೇಳಿಸ್ತು ಗುರುಗಳೇ. ಹಾಕಲ್ಲ. ನಿಮ್ಮ ಗುಂಡಿಗೆ ತಡ್ಕೊಳ್ಳಲ್ಲ.”

“ಗಿಡ ಯಾವ್ದು, ಕಳೆ ಯಾವ್ದು ಗೊತ್ತಿಲ್ದೆ ಬಂದೋಳು ನೀನು. ನಂಗೇ ಪಾಠ ಹೇಳ್ತೀಯಾ?”

“ನೀವು ಹೇಳ್ಕೊಟ್ಟಿದ್ದೇ. ತುಟಿ ನೀಲಿಯಾದೋರಿಗೆ ಗಡಿಗೆ ಇಡ್ಬೇಡ, ಆಸ್ಪತ್ರೆ ಗಾಡಿ ಕರೆಸು ಅಂತ. ಬೇಕಾದ್ರೆ ಕನ್ನಡಿ ತರ್ತೀನಿ.”

ವೈದ್ಯರು ಬಾಗಿಲ ಪರದೆಯತ್ತ ನೋಡಿದರು. ಆಚೆ, ಅಂಗಡಿಯ ಬೆಂಚಿನ ಮೇಲೆ ಕಾದಿದ್ದವರ ಕೆಮ್ಮು ಕೇಳುತ್ತಿತ್ತು.

“ಯಾನ್‌ನ ಮದ್ದು ಯಾನ್‌ಗೇ ನಾಟಲಿಲ್ಲ ಅಂತಾರೆ,” ಎಂದರು ಮೆಲ್ಲಗೆ. “ಅಜ್ಜನ ಕಾಲದ ಅಂಗಡಿ ಕಣೆ.”

“ಅಂದ್ಕೊಳ್ಳಿ ಬಿಡಿ. ನೀವು ಸತ್ರೆ ಇನ್ನೂ ಚೆನ್ನಾಗಿ ಅಂತಾರೆ.”

ಈ ಮನೆಯಲ್ಲಿ ಅವಳು ಗುರುವಿಗೆ ಎದುರಾಡಿದ್ದು ಅದೇ ಮೊದಲು. ಒಲೆ ಆರಿಸಿ, ಆಸ್ಪತ್ರೆಗೆ ಫೋನ್ ಮಾಡಿದಳು. ನಂಬರ್ ಒಮ್ಮೆ ತಪ್ಪಿತು.

ಗಾಡಿ ಬಂದ ಸದ್ದಿಗೆ ವೈದ್ಯರು, “ಹಿತ್ತಿಲಿಂದ ಹೋಗ್ಬಹುದಲ್ಲ?” ಎಂದರು.

“ಆ ಓಣೀಲಿ ಸ್ಟ್ರೆಚರ್ ತಿರುಗಲ್ಲ.”

ಅವರು ಹತ್ತಿಯ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಸಿಕೊಂಡರು. ಸ್ಟ್ರೆಚರ್ ಅಂಗಡಿಗೆ ಬಂದಾಗ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ತೋಫು ಮಾರುವ ದೆಂಗ್ ಅಜ್ಜಿಯೊಬ್ಬಳೇ ಕೂತಿದ್ದಳು.

“ಎಲ್ಲಿಗಪ್ಪಾ ಮೆರವಣಿಗೆ?”

ಸೂಚಿನ್ ಏನೋ ಹೇಳಲು ಬಾಯಿ ತೆರೆದಳು. ವೈದ್ಯರು ಕೈಯೆತ್ತಿ ತಡೆದರು.

“ಆಸ್ಪತ್ರೆಗೆ ಅಜ್ಜಿ. ನಂಗೆ ಉಸಿರು... ಸಾಲ್ತಿಲ್ಲ.”

ಯಾರೂ ನಗಲಿಲ್ಲ. ಅಜ್ಜಿ ಕೋಲೂರಿ ಎದ್ದು ಸ್ಟ್ರೆಚರಿಗೆ ದಾರಿ ಬಿಟ್ಟಳು. “ಹಂಗಾದ್ರೆ ನನ್ನ ಕೆಮ್ಮಿನ ಗತಿ?”

“ಅವಳಿಲ್ವಾ,” ಎಂದರು ವೈದ್ಯರು, ಸೂಚಿನ್ ಕಡೆ ನೋಡದೆ.

ಸುದ್ದಿ ಕೇಳಿ ಓಡಿಬಂದ ವೈದ್ಯರ ಮಗ ಗಾಡಿ ಹತ್ತಿ ಜೊತೆಗೆ ಹೋದ. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿಕೊಂಡೇ ಅವರು ಹೊಸ ವರ್ಷದ ಹಬ್ಬ ಕಳೆದರು. ಅಷ್ಟು ದಿನವೂ ಸೂಚಿನ್ ಅಂಗಡಿ ತೆರೆದಳು. ಬಂದವರಲ್ಲಿ ಕೆಲವರಿಗೆ ಕಷಾಯದ ಪೊಟ್ಟಣ ಕಟ್ಟಿಕೊಟ್ಟಳು, ಕೆಲವರನ್ನು ಬೈದು ಆಸ್ಪತ್ರೆಗೆ ಅಟ್ಟಿದಳು.

ಬಿಸಿಲು ಕಾಣಿಸಿಕೊಂಡ ಒಂದು ಬೆಳಿಗ್ಗೆ ವೈದ್ಯರು ಮರಳಿದರು. ಕೋಟು ಮೈಮೇಲೆ ಜೋತಾಡುತ್ತಿತ್ತು, ಕೆಮ್ಮು ಪೂರ್ತಿ ಬಿಟ್ಟಿರಲಿಲ್ಲ. ಸೂಚಿನ್ ತಟ್ಟನೆ ಎದ್ದು ಅವರ ಕುರ್ಚಿ ಖಾಲಿ ಮಾಡಿದಳು. ಅವರು ಅತ್ತ ಬರಲೇ ಇಲ್ಲ. ರೋಗಿಗಳ ಬೆಂಚಿನ ತುದಿಯಲ್ಲಿ, ದೆಂಗ್ ಅಜ್ಜಿಯ ಪಕ್ಕ ಕೂತು, ಮುಂದಿದ್ದವರೆಲ್ಲ ಮುಗಿಯುವ ತನಕ ಕಾದರು. ಆಮೇಲೆ ಎದ್ದು ಬಂದು ಅವಳೆದುರು ಕೂತು, ಮೇಜಿನ ಮೇಲಿನ ನಾಡಿ ನೋಡುವ ಪುಟ್ಟ ದಿಂಬನ್ನು ಹತ್ತಿರಕ್ಕೆ ಎಳೆದುಕೊಂಡು, ಕೋಟಿನ ತೋಳು ಮೇಲೇರಿಸಿ ಮಣಿಕಟ್ಟನ್ನು ಅದರ ಮೇಲಿಟ್ಟರು.